ನಮ್ಮ ಬಿಸಿಲಿಗೆ ತಕ್ಕ ವೋಲ್ಟೇಜ್ ರೆಫರೆನ್ಸ್: ಆರಿಸುವ, ಜೋಡಿಸುವ, ಪರೀಕ್ಷಿಸುವ ಕ್ರಮ

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಒಂದು ತೋಟದ ಮಣೂಕ (ಒಣದ್ರಾಕ್ಷಿ) ಶೆಡ್ಡಿಗೆ ಉಷ್ಣಾಂಶ ದಾಖಲಿಸುವ ಸಣ್ಣ ಪೆಟ್ಟಿಗೆಯೊಂದನ್ನು ಮಾಡಿಕೊಟ್ಟಿದ್ದೆ. ಒಳಗೆ ಒಂದು ಆರ್ಡುಯಿನೊ ಊನೊ ಬೋರ್ಡು (ಪ್ರೋಗ್ರಾಂ ತುಂಬಿ ನಡೆಸುವ ಪುಟ್ಟ ಕಂಪ್ಯೂಟರು), ಒಂದು ಎಲ್‌ಎಂ35 ಸೆನ್ಸರ್, ಎಸ್‌ಎಂಎಸ್ ಕಳಿಸಲು ಒಂದು ಜಿಎಸ್‌ಎಂ ಮೋಡೆಮ್, ಎಲ್ಲಕ್ಕೂ ಸೇರಿ ಮೊಬೈಲ್ ಚಾರ್ಜರಿನ 5 ವೋಲ್ಟ್. ವಾರ ತುಂಬುವುದರೊಳಗೆ ತೋಟದ ಯಜಮಾನರ ಫೋನ್ ಬಂತು. “ಡಿಸ್ಪ್ಲೇದಾಗ 40 ಇರತೈತ್ರಿ, ಮೆಸೇಜಿನ್ಯಾಗ 41 ವರಿ ಬರತೈತಿ. ಮೆಸೇಜ್ ಕಳಸೂ ಮುಂದಷ್ಟ ಶೆಡ್ ಕಾಯತೈತೇನ್ರಿ?” ಎಂದು ಅವರು ಕೇಳಿದ ಪ್ರಶ್ನೆಯಲ್ಲಿ ವ್ಯಂಗ್ಯವಿತ್ತು, ಆದರೆ ದೋಷ ಎಲ್ಲಿದೆ ಎಂಬುದರ ಸುಳಿವೂ ಅದರಲ್ಲೇ ಇತ್ತು.

ಎಲ್‌ಎಂ35 ಪ್ರತಿ ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. 40 ಡಿಗ್ರಿಗೆ 400 ಮಿಲಿವೋಲ್ಟ್. ಊನೊ ಬೋರ್ಡಿಗೆ ಬೇರೇನೂ ಹೇಳದಿದ್ದರೆ ಅದು ತನಗೆ ಸಿಗುತ್ತಿರುವ 5 ವೋಲ್ಟನ್ನೇ ಅಳತೆಗೋಲಾಗಿ ಹಿಡಿದು, ಅದನ್ನು 1024 ಭಾಗ ಮಾಡಿ, ಸೆನ್ಸರಿನ ವೋಲ್ಟೇಜು ಎಷ್ಟು ಭಾಗಗಳಿಗೆ ಸಮ ಎಂದು ಎಣಿಸುತ್ತದೆ. ಮೋಡೆಮ್ ಚಾಲೂ ಆಗಿ ಟವರ್ ಹುಡುಕುವಾಗ ಚಾರ್ಜರಿನ ವೋಲ್ಟೇಜು 4.8ಕ್ಕೆ ಕುಸಿಯುತ್ತಿತ್ತು, ಮತ್ತು ನನ್ನ ಪ್ರೋಗ್ರಾಂ ಸರಿಯಾಗಿ ಆ ಹೊತ್ತಿಗೇ ಅಳತೆ ತೆಗೆದುಕೊಳ್ಳುತ್ತಿತ್ತು. ಸೆನ್ಸರ್ ಹೇಳಿದ್ದು ಅದೇ 400 ಮಿಲಿವೋಲ್ಟ್. ಆದರೆ ಗಜಕಡ್ಡಿಯೇ ಕುಗ್ಗಿದ್ದರಿಂದ ಇಳಕಲ್ಲ ಸೀರೆ ಉದ್ದವಾಗಿ ಕಂಡಿತು. ಲೆಕ್ಕ ಹಾಕಿದರೆ 85 ಎಣಿಕೆ, ಅಂದರೆ 41.5 ಡಿಗ್ರಿ. ಯಜಮಾನರು ಹೇಳಿದ ಅಂಕಿಯೇ ಬಂತು.

ಅಳತೆಗೋಲು ಕುಗ್ಗದಂತೆ, ಹಿಗ್ಗದಂತೆ ಕಾಯುವುದೇ ವೋಲ್ಟೇಜ್ ರೆಫರೆನ್ಸ್ ಚಿಪ್ಪಿನ ಕೆಲಸ. ಮೇಲಿಂದ ಬರುವ ವಿದ್ಯುತ್ತು ಏರಿಳಿದರೂ, ಹೊರಗೆ ಬಿಸಿಲು ಬಂದರೂ ಹೋದರೂ, ಅದು 2.5 ಎಂದರೆ 2.5 ವೋಲ್ಟನ್ನೇ ಕೊಡುತ್ತಿರಬೇಕು. ರೆಗ್ಯುಲೇಟರ್ ಕೂಡ ಅದನ್ನೇ ಮಾಡುವುದಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. 7805 ಎಂಬ ಸಾಮಾನ್ಯ ರೆಗ್ಯುಲೇಟರಿನ ಕೆಲಸ ಆಂಪಿಯರ್‌ಗಟ್ಟಲೆ ಕರೆಂಟು ಕೊಡುವುದು. ಅದರ 5 ವೋಲ್ಟು 4.8ರಿಂದ 5.2ರ ನಡುವೆ ಎಲ್ಲಿದ್ದರೂ ತಯಾರಕರು ಅದನ್ನು ಸರಿಯೆಂದೇ ಮಾರುತ್ತಾರೆ. ರೆಫರೆನ್ಸ್ ಚಿಪ್ ಕೊಡುವ ಕರೆಂಟು ಕೆಲವೇ ಮಿಲಿಆಂಪಿಯರ್, ಆದರೆ ಅದರ ತಪ್ಪನ್ನು ಶೇಕಡಾವಾರಿನ ಹತ್ತನೆಯ ಒಂದು ಭಾಗದಲ್ಲಿ, ಇಲ್ಲವೇ ಪಿಪಿಎಂ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು, 2.5 ವೋಲ್ಟಿನಲ್ಲಿ 10 ಪಿಪಿಎಂ ಎಂದರೆ 25 ಮೈಕ್ರೊವೋಲ್ಟ್.

ಮೊದಲ ಹೆಜ್ಜೆ: ರೆಫರೆನ್ಸ್ ನಿಜವಾಗಿಯೂ ಬೇಕೇ?

ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಕಬ್ಬಿನ ಹಂಗಾಮು ಶುರುವಾದರೆ ಎಲ್ಲರ ಬಾಯಲ್ಲೂ ಕಾಟಾದ್ದೇ (ಲಾರಿ ತೂಗುವ ತಕ್ಕಡಿಯದ್ದೇ) ಮಾತು. ಆ ಕಾಟಾದ ಕೆಳಗಿರುವ, ಭಾರವನ್ನು ವೋಲ್ಟೇಜಾಗಿ ಬದಲಿಸುವ ಲೋಡ್ ಸೆಲ್‌ನ ಸೂಕ್ಷ್ಮತೆಯನ್ನು ಸಾಮಾನ್ಯವಾಗಿ ವೋಲ್ಟಿಗೆ 2 ಮಿಲಿವೋಲ್ಟ್ ಎಂದು ಬರೆದಿರುತ್ತಾರೆ. ಅಂದರೆ ಸೆಲ್‌ಗೆ 5 ವೋಲ್ಟ್ ಕೊಟ್ಟರೆ ಪೂರ್ತಿ ಭಾರಕ್ಕೆ 10 ಮಿಲಿವೋಲ್ಟ್ ಹೊರಬರುತ್ತದೆ. ಸೆಲ್‌ಗೆ ಕೊಡುವ ವೋಲ್ಟೇಜನ್ನೇ ಎಡಿಸಿಗೂ (ವೋಲ್ಟೇಜನ್ನು ಎಣಿಕೆಯಾಗಿ ಬದಲಿಸುವ ಭಾಗಕ್ಕೂ) ಅಳತೆಗೋಲಾಗಿ ಕೊಟ್ಟರೆ, ವೋಲ್ಟೇಜು ಶೇಕಡಾ 1 ಕುಸಿದಾಗ ಸೆಲ್‌ನ ಸಂಕೇತವೂ ಶೇಕಡಾ 1 ಕುಸಿಯುತ್ತದೆ, ಅಳತೆಗೋಲೂ ಅಷ್ಟೇ ಕುಸಿಯುತ್ತದೆ, ಎರಡರ ಅನುಪಾತ ಹಾಗೆಯೇ ಉಳಿಯುತ್ತದೆ. ಇಂಥ ಕಡೆ ದುಬಾರಿ ರೆಫರೆನ್ಸ್ ಹಾಕುವುದು ಹಣ ದಂಡ. ತೂಕದಲ್ಲಿ ಮೋಸವಾಗಿದೆ ಎಂಬ ದೂರಿಗೆ ಕಾರಣವನ್ನು ಬೇರೆಲ್ಲಾದರೂ ಹುಡುಕಬೇಕೇ ಹೊರತು ಈ ಚಿಪ್ಪಿನಲ್ಲಲ್ಲ. ಮತ್ತೆ, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬಿದ್ದಿರುವ ಕಾಟಾವನ್ನು ಕುತೂಹಲಕ್ಕೂ ಬಿಚ್ಚಬಾರದು. ಥರ್ಮಿಸ್ಟರನ್ನು (ಬಿಸಿಗೆ ತಕ್ಕಂತೆ ರೋಧ ಬದಲಾಗುವ ಸೆನ್ಸರನ್ನು) ರೆಸಿಸ್ಟರಿನ ಜೊತೆ ಸರಣಿಯಲ್ಲಿ ಕೂರಿಸಿದ ಮಂಡಲಕ್ಕೂ, ಪೊಟೆನ್ಶಿಯೋಮೀಟರಿನಿಂದ ಗೇಟಿನ ಸ್ಥಾನ ತಿಳಿಯುವ ಮಂಡಲಕ್ಕೂ ಇದೇ ನಿಯಮ.

ಸಂಕೇತ ಸಪ್ಲೈ ವೋಲ್ಟೇಜಿನ ಹಂಗಿಲ್ಲದೆ ತನ್ನಷ್ಟಕ್ಕೆ ತಾನೇ ಹುಟ್ಟಿದ್ದಾದರೆ ಮಾತ್ರ ರೆಫರೆನ್ಸ್ ಬೇಕಾಗುತ್ತದೆ. ಎಲ್‌ಎಂ35 ಅಂಥದ್ದು. ಬ್ಯಾಟರಿಯ ವೋಲ್ಟೇಜು ಅಂಥದ್ದು. 4–20 ಮಿಲಿಆಂಪಿಯರ್ ಲೂಪ್ (ಅಳತೆಯನ್ನು ಕರೆಂಟಿನ ರೂಪದಲ್ಲಿ ಕಳಿಸುವ ಕಾರ್ಖಾನೆಗಳ ಪದ್ಧತಿ) ಅಂಥದ್ದು. ಬೆಳಗಾವಿಯ ಉದ್ಯಮಬಾಗದ ಕಡೆ ಹೀಟ್ ಟ್ರೀಟ್‌ಮೆಂಟ್ ಕುಲುಮೆಗಳಲ್ಲಿ ಹಾಕುವ ಕೆ ಮಾದರಿಯ ಥರ್ಮೋಕಪಲ್ (ಬಿಸಿಗೆ ತಕ್ಕಂತೆ ತಾನೇ ವೋಲ್ಟೇಜು ಹುಟ್ಟಿಸುವ ಎರಡು ಲೋಹಗಳ ತಂತಿ) ಕೂಡ ಅಂಥದ್ದೇ: 1000 ಡಿಗ್ರಿಯಲ್ಲಿ ಅದು ಕೊಡುವುದು ಸುಮಾರು 41.3 ಮಿಲಿವೋಲ್ಟ್, ರೆಫರೆನ್ಸಿನಲ್ಲಿ ಶೇಕಡಾ 0.1 ತಪ್ಪಿದ್ದರೆ ಅಲ್ಲಿ ಒಂದು ಡಿಗ್ರಿ ತಪ್ಪು. ಈ ಮೂರ್ನಾಲ್ಕರಲ್ಲಿ ನಿಮ್ಮದು ಯಾವುದು ಎಂದು ಕಾಗದದ ಮೇಲೆ ಬರೆದುಕೊಂಡ ಮೇಲೆಯೇ ಮುಂದಕ್ಕೆ ಹೋಗಿ. ವಿಟಿಯು ಅಂತಿಮ ವರ್ಷದ ಪ್ರಾಜೆಕ್ಟುಗಳಲ್ಲಿ ನಾನು ಕಂಡಂತೆ, ರೆಫರೆನ್ಸ್ ಬೇಡವಾದ ಕಡೆ ಅದನ್ನು ಹಾಕಿರುತ್ತಾರೆ, ಬೇಕಾದ ಕಡೆ ಚಾರ್ಜರನ್ನೇ ನಂಬಿರುತ್ತಾರೆ.

ಚಿಪ್ಪಿನೊಳಗೆ ನಡೆಯುವುದು

ಒಂದು ಕಾಲಕ್ಕೆ ವೋಲ್ಟಿನ ಆಧಾರ ರಾಸಾಯನಿಕ ಸೆಲ್ ಆಗಿತ್ತು. 1893ರಲ್ಲಿ ಎಡ್ವರ್ಡ್ ವೆಸ್ಟನ್ ರೂಪಿಸಿದ ಪಾದರಸ ಮತ್ತು ಕ್ಯಾಡ್ಮಿಯಂನ ಸೆಲ್ 20 ಡಿಗ್ರಿಯಲ್ಲಿ 1.0183 ವೋಲ್ಟ್ ಕೊಡುತ್ತಿತ್ತು, ಪ್ರಯೋಗಾಲಯಗಳು ದಶಕಗಳ ಕಾಲ ಅದನ್ನೇ ನೆಚ್ಚಿಕೊಂಡಿದ್ದವು. 1990ರಿಂದ ರಾಷ್ಟ್ರೀಯ ಪ್ರಯೋಗಾಲಯಗಳಲ್ಲಿ ವೋಲ್ಟನ್ನು ಅತಿಶೀತದಲ್ಲಿ ಕೆಲಸ ಮಾಡುವ ಜೋಸೆಫ್ಸನ್ ಸಂಧಿಗಳೆಂಬ ಅತಿವಾಹಕ ಸಾಧನಗಳಿಂದ ಪಡೆಯುತ್ತಾರೆ. ನಮ್ಮ ಮೇಜಿನ ಮೇಲೆ ಬರುವುದು ಸಿಲಿಕಾನಿನ ಎರಡು ಉಪಾಯಗಳು.

ಒಂದು, ಬ್ಯಾಂಡ್‌ಗ್ಯಾಪ್. ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್ ನಡುವಿನ ವೋಲ್ಟೇಜು ಬಿಸಿ ಏರಿದಂತೆ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಬೇರೆ ಬೇರೆ ಕರೆಂಟು ಸಾಂದ್ರತೆಯಲ್ಲಿ ನಡೆಯುವ ಎರಡು ಟ್ರಾನ್ಸಿಸ್ಟರುಗಳ ವೋಲ್ಟೇಜುಗಳ ನಡುವಿನ ಅಂತರ ಮಾತ್ರ ಬಿಸಿಯೊಂದಿಗೆ ಏರುತ್ತದೆ. ಆ ಏರಿಕೆಯನ್ನು ತಕ್ಕಷ್ಟು ಹಿಗ್ಗಿಸಿ ಈ ಇಳಿಕೆಗೆ ಕೂಡಿಸಿದರೆ, ಉಷ್ಣಾಂಶದ ಗೊಡವೆಯಿಲ್ಲದ ಸುಮಾರು 1.2 ವೋಲ್ಟ್ ಸಿಗುತ್ತದೆ. 1970ರ ದಶಕದ ಆರಂಭದಲ್ಲಿ ರಾಬರ್ಟ್ ವಿಡ್ಲರ್ ಇದನ್ನು ಮಾರಾಟದ ಐಸಿಯಾಗಿ ತಂದರು, 1974ರಲ್ಲಿ ಪಾಲ್ ಬ್ರೋಕಾ ಅದಕ್ಕೊಂದು ಅಚ್ಚುಕಟ್ಟಾದ ಮಂಡಲವನ್ನು ಪ್ರಕಟಿಸಿದರು. ಇಂದು ಅಂಗಡಿಯಲ್ಲಿ ಸಿಗುವ ಬಹುಪಾಲು ರೆಫರೆನ್ಸ್‌ಗಳು ಇದೇ ಜಾತಿಯವು.

ಇನ್ನೊಂದು, ಮೇಲ್ಮೈಯ ಕೊಳೆ ಮತ್ತು ಗದ್ದಲ ತಟ್ಟದಂತೆ ಸಿಲಿಕಾನಿನ ಒಳಪದರದಲ್ಲಿ ಹೂತಿಟ್ಟ ಝೀನರ್, ಅಂದರೆ ವೋಲ್ಟೇಜನ್ನು ಒಂದು ನಿಗದಿತ ಮಟ್ಟದಲ್ಲಿ ಹಿಡಿದಿಡುವ ಡಯೋಡು. ಗದ್ದಲವೂ ಕಡಿಮೆ, ವರ್ಷಗಳ ಜಾರುವಿಕೆಯೂ ಕಡಿಮೆ; ಆದರೆ ಹೆಚ್ಚು ವೋಲ್ಟೇಜು ಬೇಡುತ್ತದೆ. ಎಲ್‌ಎಂ399 ಎಂಬ ಹಳೆಯ ಚಿಪ್ಪು ತನ್ನೊಳಗೇ ಒಂದು ಒಲೆ ಇಟ್ಟುಕೊಂಡಿದೆ: ಹೊರಗೆ ಎಷ್ಟೇ ಬಿಸಿಯಿರಲಿ, ಒಳಗನ್ನು ಸುಮಾರು 90 ಡಿಗ್ರಿಯಲ್ಲಿ ಹಿಡಿದಿಟ್ಟು 6.95 ವೋಲ್ಟ್ ಕೊಡುತ್ತದೆ. ಎಲ್‌ಟಿಝಡ್1000 ಅದಕ್ಕಿಂತ ಮೇಲಿನ ಮಟ್ಟದ್ದು. ಹ್ಯೂಲೆಟ್ ಪ್ಯಾಕರ್ಡ್‌ನ 3458ಎ ಎಂಬ ಎಂಟೂವರೆ ಅಂಕಿಯ ಮೀಟರಿನ ಹೃದಯ ಅದೇ. ಮಣೂಕ ಶೆಡ್ಡಿಗೆ ಅವೆರಡರಲ್ಲಿ ಯಾವುದೂ ಬೇಡ.

ಎರಡನೆಯ ಹೆಜ್ಜೆ: ತಪ್ಪಿನ ಲೆಕ್ಕ

ಬಹಳ ಮಂದಿ ಬಿಟ್ಟುಬಿಡುವ ಹೆಜ್ಜೆ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಚಿಪ್ಪಿನ ತಪ್ಪು ಎರಡು ಮುಖ್ಯ ಬಾಬ್ತುಗಳಲ್ಲಿ ಬರುತ್ತದೆ. ಮೊದಲನೆಯದು ಹುಟ್ಟುತಪ್ಪು: ಕೋಣೆಯ ಉಷ್ಣಾಂಶದಲ್ಲಿ, ಹೊಸದಾಗಿದ್ದಾಗ, 2.5ರಿಂದ ಎಷ್ಟು ದೂರದಲ್ಲಿದೆ ಎಂಬುದು. ಎರಡನೆಯದು ಬಿಸಿಯಿಂದ ಬರುವ ತಪ್ಪು, ಡಿಗ್ರಿಗೆ ಇಷ್ಟು ಪಿಪಿಎಂ ಎಂದು. ಹುಟ್ಟುತಪ್ಪನ್ನು ಒಮ್ಮೆ ಸರಿಯಾಗಿ ಅಳೆದು ಪ್ರೋಗ್ರಾಮಿನಲ್ಲಿ ಬರೆದುಬಿಟ್ಟರೆ ಅದರ ಕಾಟ ಮುಗಿಯಿತು. ಬಿಸಿಯ ತಪ್ಪು ಹಾಗಲ್ಲ, ಅದು ದಿನವೂ ಬಂದು ಹೋಗುತ್ತದೆ.

ಡೇಟಾಶೀಟುಗಳು, ಅಂದರೆ ತಯಾರಕರ ವಿವರಪಟ್ಟಿಗಳು, 25 ಡಿಗ್ರಿಯ ಕೋಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂತಿರುತ್ತವೆ. ಬೆಳಗಾವಿಯವರಿಗೆ ಅದು ವರ್ಷದ ಹಲವು ತಿಂಗಳು ನಿಜವೂ ಹೌದು. ವಿಜಯಪುರದಲ್ಲಿ ಬೇಸಿಗೆಯ ಮಧ್ಯಾಹ್ನ ನೆರಳಿನಲ್ಲೇ 40 ದಾಟುತ್ತದೆ. ಪತ್ರಾಸಿನ (ತಗಡಿನ ಛಾವಣಿಯ) ಕೆಳಗೆ ತೂಗುಹಾಕಿದ ಪ್ಲಾಸ್ಟಿಕ್ ಪೆಟ್ಟಿಗೆಯ ಒಳಗೆ 60 ಎಂದು ಹಿಡಿಯುವುದು ಲೇಸು. ಚಳಿಗಾಲದ ನಸುಕಿಗೆ 15 ಎನ್ನೋಣ. ಹಾಗಾಗಿ ನಮ್ಮ ಕಡೆಯ ಪೆಟ್ಟಿಗೆಗೆ ಒಟ್ಟು ಏರಿಳಿತ 45 ಡಿಗ್ರಿ, 25ರಿಂದ ಮೇಲಕ್ಕೆ 35.

ಎಲ್‌ಎಂ4040 ಎಂಬ ಅಗ್ಗದ ಚಿಪ್ಪಿನ ಎ ದರ್ಜೆಯಲ್ಲಿ ಹುಟ್ಟುತಪ್ಪು ಶೇಕಡಾ 0.1, ಬಿಸಿಯ ತಪ್ಪಿನ ಗರಿಷ್ಠ ಮಿತಿ ಡಿಗ್ರಿಗೆ 100 ಪಿಪಿಎಂ. 35 ಡಿಗ್ರಿಗೆ 3500 ಪಿಪಿಎಂ, ಅಂದರೆ ಶೇಕಡಾ 0.35, ವೋಲ್ಟಿನಲ್ಲಿ 8.75 ಮಿಲಿವೋಲ್ಟ್. ಇದು ಅತಿ ಕೆಟ್ಟ ಚಿಪ್ಪಿನ ಲೆಕ್ಕ, ಕೈಗೆ ಬರುವ ಸಾಮಾನ್ಯ ಚಿಪ್ಪು ಇದಕ್ಕಿಂತ ಎಷ್ಟೋ ಮೇಲಿರುತ್ತದೆ. ರೆಫ್5025 ಎಂಬ ಮೇಲ್ದರ್ಜೆಯ ಚಿಪ್ಪಿನ ಸಾಧಾರಣ ಗ್ರೇಡಿಗೆ ಈ ಮಿತಿ 8 ಪಿಪಿಎಂ, ಉತ್ತಮ ಗ್ರೇಡಿಗೆ 3. ಪೂರ್ತಿ 45 ಡಿಗ್ರಿಗೂ 8ರಂತೆ ಲೆಕ್ಕ ಹಾಕಿದರೆ 360 ಪಿಪಿಎಂ, ಶೇಕಡಾ 0.036.

ಈಗ ಎದುರಿಗೆ ಏನಿದೆ ನೋಡಿ. ಊನೊ ಬೋರ್ಡಿನ 10 ಬಿಟ್ ಎಡಿಸಿಯ ಒಂದು ಎಣಿಕೆಯೇ ಶೇಕಡಾ 0.1. ಎಲ್‌ಎಂ35ರ ಡಿ ಮಾದರಿ ತಾನೇ ಒಂದೂವರೆ ಡಿಗ್ರಿವರೆಗೆ ತಪ್ಪಲು ಡೇಟಾಶೀಟಿನ ಪರವಾನಗಿ ಪಡೆದಿದೆ. 40 ಡಿಗ್ರಿಯಲ್ಲಿ ಶೇಕಡಾ 0.35 ಎಂದರೆ 0.14 ಡಿಗ್ರಿ. ಆದ್ದರಿಂದ ಮಣೂಕ ಶೆಡ್ಡಿಗೆ ಎಲ್‌ಎಂ4040 ಸಾಕು, ಸಾಕು ಎಂದರೆ ಬೇಕಾದ್ದಕ್ಕಿಂತ ಹೆಚ್ಚು. ಅಲ್ಲಿ ರೆಫ್5025 ಹಾಕುವುದು ಚಕ್ಕಡಿಗೆ ವಿಮಾನದ ಗಾಲಿ ಹಾಕಿದಂತೆ. 16 ಬಿಟ್ ಎಡಿಸಿಯಿಂದ ಥರ್ಮೋಕಪಲ್ ಓದುವವರ ಲೆಕ್ಕವೇ ಬೇರೆ. ಅಲ್ಲಿ ಒಂದು ಎಣಿಕೆ 15 ಪಿಪಿಎಂ, ಅವರು ರೆಫ್5025ರ ಉತ್ತಮ ಗ್ರೇಡಿನಿಂದಲೇ ಹುಡುಕಾಟ ಶುರುಮಾಡಬೇಕು.

ಇನ್ನು ಬ್ಯಾಟರಿ ಅಳೆಯುವವರಿಗೆ ಒಂದು ಎಚ್ಚರಿಕೆ. 12 ವೋಲ್ಟಿನ ಲೆಡ್ ಆ್ಯಸಿಡ್ ಬ್ಯಾಟರಿ ಪೂರ್ತಿ ತುಂಬಿ ವಿಶ್ರಾಂತಿಯಲ್ಲಿರುವಾಗ ಸುಮಾರು 12.7, ಅರ್ಧ ಖಾಲಿಯಾದಾಗ ಸುಮಾರು 12.2. ಅರ್ಧ ವೋಲ್ಟಿನಲ್ಲಿ ಅರ್ಧ ಬ್ಯಾಟರಿ ಇದೆ; 0.1 ವೋಲ್ಟ್ ತಪ್ಪಿದರೆ ಶೇಕಡಾ 10ರಷ್ಟು ಚಾರ್ಜಿನ ಅಂದಾಜು ತಪ್ಪಿತು. ಆದ್ದರಿಂದ ನಿಖರತೆ ಇಲ್ಲಿ ಬೇಕು. ಆದರೆ 12 ವೋಲ್ಟನ್ನು ಎಡಿಸಿಗೆ ತರಲು ವೋಲ್ಟೇಜನ್ನು ಪಾಲು ಮಾಡಿ ತಗ್ಗಿಸುವ ರೆಸಿಸ್ಟರುಗಳ ಡಿವೈಡರ್ ಹಾಕಲೇಬೇಕಲ್ಲ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೇಲೆ 56 ಕಿಲೋಓಮ್, ಕೆಳಗೆ 10 ಕಿಲೋಓಮ್ ಹಾಕಿದರೆ 2.5 ವೋಲ್ಟಿನ ಅಳತೆಗೋಲಿಗೆ 16.5 ವೋಲ್ಟಿನವರೆಗೆ ಅಳೆಯಬಹುದು. ಶೇಕಡಾ 1ರ ಮೆಟಲ್ ಫಿಲ್ಮ್ ರೆಸಿಸ್ಟರಿನ ಬಿಸಿಯ ತಪ್ಪು ಸಾಮಾನ್ಯವಾಗಿ ಡಿಗ್ರಿಗೆ 100 ಪಿಪಿಎಂ. ಒಂದು ಮೇಲಕ್ಕೂ ಇನ್ನೊಂದು ಕೆಳಕ್ಕೂ ಎಳೆದರೆ 35 ಡಿಗ್ರಿಗೆ ಡಿವೈಡರೊಂದೇ ಸುಮಾರು ಶೇಕಡಾ 0.6 ತಪ್ಪುತ್ತದೆ, ಅಂದರೆ ಎಲ್‌ಎಂ4040ರ ಅತಿ ಕೆಟ್ಟ ತಪ್ಪಿಗಿಂತ ಹೆಚ್ಚು. 3 ಪಿಪಿಎಂ ಚಿಪ್ಪು ತಂದು 100 ಪಿಪಿಎಂ ರೆಸಿಸ್ಟರಿನ ಕೆಳಗೆ ಕೂರಿಸಿದವರನ್ನು ನಾನು ಕಂಡಿದ್ದೇನೆ. ಒಂದು ಕಾಲಕ್ಕೆ ನಾನೂ ಅವರಲ್ಲೊಬ್ಬ. ಚಿಪ್ಪಿಗೆ ಕೊಡುವ ಹಣದಲ್ಲಿ ಅರ್ಧವನ್ನು 25 ಪಿಪಿಎಂ ರೆಸಿಸ್ಟರುಗಳಿಗೆ ಕೊಡಿ. ಅವು ಸಿಗದಿದ್ದರೆ ಎರಡನ್ನೂ ಒಂದೇ ತಯಾರಕರ ಒಂದೇ ಸರಣಿಯಿಂದ ತೆಗೆದುಕೊಂಡು ಅಕ್ಕಪಕ್ಕ ಕೂರಿಸಿ, ಆಗ ಎರಡೂ ಬಹುಮಟ್ಟಿಗೆ ಒಂದೇ ದಿಕ್ಕಿಗೆ ಜಾರುತ್ತವೆ.

ಮೂರನೆಯ ಹೆಜ್ಜೆ: ಚಿಪ್ಪನ್ನು ಆರಿಸುವುದು

ರೆಫರೆನ್ಸ್ ಚಿಪ್ಪುಗಳಲ್ಲಿ ಎರಡು ಬಗೆ. ಷಂಟ್ ಬಗೆಯದು ಝೀನರ್ ಡಯೋಡಿನಂತೆ. ಮೇಲಿಂದ ಒಂದು ರೆಸಿಸ್ಟರಿನ ಮೂಲಕ ಕರೆಂಟು ಕೊಟ್ಟರೆ ಹೆಚ್ಚಾದದ್ದನ್ನು ತಾನು ನುಂಗಿ ವೋಲ್ಟೇಜನ್ನು ಹಿಡಿದಿಡುತ್ತದೆ. ಎಲ್‌ಎಂ4040, ಎಲ್‌ಎಂ336, ಟಿಎಲ್431 ಈ ಬಗೆಯವು. ಸೀರೀಸ್ ಬಗೆಯದು ರೆಗ್ಯುಲೇಟರಿನಂತೆ ಒಳಬರುವ ಕಾಲು, ಹೊರಹೋಗುವ ಕಾಲು, ಗ್ರೌಂಡ್ ಇರುವಂಥದ್ದು. ರೆಫ್5025, ಎಡಿ584 ಇವು ಈ ಬಗೆಯವು. ಲೋಡ್ ಬದಲಾಗದ ಕಡೆ ಷಂಟ್ ಸಾಕು. ಬ್ಯಾಟರಿಯಿಂದ ನಡೆಯುವ, ಲೋಡ್ ಏರಿಳಿಯುವ ಕಡೆ ಸೀರೀಸ್ ಒಳ್ಳೆಯದು.

ಟಿಎಲ್431 ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ನಮ್ಮ ಊರುಗಳಲ್ಲಿ ಸುಲಭವಾಗಿ ಕೈಗೆ ಸಿಗುವುದು ಅದೇ. ಕೆಟ್ಟುಹೋದ ಕಂಪ್ಯೂಟರ್ ಎಸ್‌ಎಂಪಿಎಸ್ (ಪವರ್ ಸಪ್ಲೈ ಪೆಟ್ಟಿಗೆ) ಬಿಚ್ಚಿದರೆ ಅದರಲ್ಲಿ ಒಂದಾದರೂ ಇರುತ್ತದೆ. ಅದರ ಸ್ವಂತ ವೋಲ್ಟೇಜು 2.495, ಸಾದಾ ದರ್ಜೆಯ ಹುಟ್ಟುತಪ್ಪು ಶೇಕಡಾ 2, ಎ ದರ್ಜೆ 1, ಬಿ ದರ್ಜೆ 0.5. ಪವರ್ ಸಪ್ಲೈ ಒಳಗೆ ಅದು ಬಂಗಾರದಂಥ ಐಸಿ. ಅಳತೆಗೆ ಹಾಕುವುದಾದರೆ ಅದರ ಒಂದು ಚಾಳಿ ಗೊತ್ತಿರಬೇಕು: ಅದರ ಎರಡು ತುದಿಗಳ ನಡುವೆ ಕೆಲವು ನಡುವಿನ ಬೆಲೆಯ ಕೆಪಾಸಿಟರುಗಳು ಬಂದರೆ ಅದರ ವೋಲ್ಟೇಜು ನಿಲ್ಲದೆ ತಾನಾಗಿಯೇ ಏರಿಳಿಯತೊಡಗುತ್ತದೆ. ಶೆಡ್ಡಿನ ಪೆಟ್ಟಿಗೆಯನ್ನು ಸರಿಪಡಿಸಲು ನಾನು ಮೊದಲು ತೆಗೆದುಕೊಂಡದ್ದು ಕೈಯಲ್ಲಿದ್ದ ಟಿಎಲ್431ಅನ್ನೇ. ನಾನಾಗಿ ಯಾವ ಕೆಪಾಸಿಟರನ್ನೂ ಹಾಕಿರಲಿಲ್ಲ. ಆದರೂ ಓದುವಿಕೆ ಕುಣಿಯುತ್ತಿತ್ತು. ಆಸಿಲೋಸ್ಕೋಪ್ ಹಚ್ಚಿದರೆ ನೇರ ಗೆರೆ ಇರಬೇಕಾದಲ್ಲಿ ಗರಗಸದ ಹಲ್ಲು. ಊನೊ ಬೋರ್ಡಿನ ಎರೆಫ್ ಕಾಲಿಗೆ (ಹೊರಗಿನ ಅಳತೆಗೋಲನ್ನು ಜೋಡಿಸುವ ಕಾಲಿಗೆ) ತಯಾರಕರೇ 0.1 ಮೈಕ್ರೊಫ್ಯಾರಡ್ ಹಾಕಿರುತ್ತಾರೆ ಎಂಬುದು ಆಮೇಲೆ ನಕಾಶೆ ತೆಗೆದು ನೋಡಿದಾಗ ತಿಳಿಯಿತು. ಎಲ್‌ಎಂ4040ಕ್ಕೆ ಈ ಚಾಳಿಯಿಲ್ಲ, ಯಾವ ಕೆಪಾಸಿಟರಿನೊಂದಿಗೂ ಅದು ಸ್ಥಿರವಾಗಿರುತ್ತದೆ. ರೆಫ್5025ಕ್ಕೆ ತದ್ವಿರುದ್ಧ ನಿಯಮ: ಹೊರಕಾಲಿನಲ್ಲಿ 1ರಿಂದ 50 ಮೈಕ್ರೊಫ್ಯಾರಡ್‌ನ ಕೆಪಾಸಿಟರ್ ಇರಲೇಬೇಕು.

ಕೊಳ್ಳುವಾಗ ಹೆಸರಿನ ಬಾಲವನ್ನು ಓದಿ. ಎಲ್‌ಎಂ4040ಎಐಝಡ್-2.5 ಎಂದರೆ ಎ ದರ್ಜೆ, ಕೈಗಾರಿಕಾ ಉಷ್ಣಾಂಶದ ವ್ಯಾಪ್ತಿ, ಟ್ರಾನ್ಸಿಸ್ಟರಿನಂಥ ಮೂರು ಕಾಲಿನ ಕವಚ, 2.5 ವೋಲ್ಟ್. ಎ, ಬಿ, ಸಿ, ಡಿ ದರ್ಜೆಗಳ ಹುಟ್ಟುತಪ್ಪು ಕ್ರಮವಾಗಿ ಶೇಕಡಾ 0.1, 0.2, 0.5, 1. ಬಾಲವಿಲ್ಲದೆ ‘ಎಲ್‌ಎಂ4040’ ಎಂದಷ್ಟೇ ಬರೆದು ಮಾರುತ್ತಿದ್ದರೆ ಡಿ ದರ್ಜೆ ಎಂದೇ ಭಾವಿಸಿ ಕೊಳ್ಳಿ. ದುಬಾರಿ ಚಿಪ್ಪು ಅರ್ಧ ಬೆಲೆಗೆ ಸಿಕ್ಕರೆ ಅದು ಮೇಲಿನ ಹೆಸರು ಅಳಿಸಿ ಬೇರೆ ಹೆಸರು ಬರೆದದ್ದಾಗಿರಬಹುದು. ಅಧಿಕೃತ ವಿತರಕರಿಂದ ತರಿಸಿದರೆ ಕೊರಿಯರ್ ಖರ್ಚು ಚುಚ್ಚಿದರೂ ನಿದ್ದೆ ಬರುತ್ತದೆ.

ನಾಲ್ಕನೆಯ ಹೆಜ್ಜೆ: ಷಂಟ್ ಚಿಪ್ಪಿಗೆ ರೆಸಿಸ್ಟರ್

ಲೆಕ್ಕವನ್ನು ಯಾವಾಗಲೂ ಅತಿ ಕಡಿಮೆ ಸಪ್ಲೈ ವೋಲ್ಟೇಜಿನಿಂದ ಶುರುಮಾಡಬೇಕು. 5 ವೋಲ್ಟಿನ ಸಪ್ಲೈ 4.75ಕ್ಕೆ ಇಳಿಯಬಹುದು ಎಂದುಕೊಳ್ಳಿ. ಊನೊ ಬೋರ್ಡಿನಲ್ಲಿರುವ ಅಟ್ಮೆಗಾ328ಪಿ ಚಿಪ್ಪಿನ ಎರೆಫ್ ಕಾಲು ಒಳಗೆ 32 ಕಿಲೋಓಮ್‌ನಂತೆ ಕಾಣುತ್ತದೆ, ಅದು 2.5 ವೋಲ್ಟಿನಲ್ಲಿ 78 ಮೈಕ್ರೊಆಂಪಿಯರ್ ಎಳೆಯುತ್ತದೆ. ಎಲ್‌ಎಂ4040 ತಾನು ಎಚ್ಚರವಿರಲು 100 ಮೈಕ್ರೊಆಂಪಿಯರ್ ಧಾರಾಳ ಸಾಕು. ರೆಸಿಸ್ಟರ್ 2.2 ಕಿಲೋಓಮ್ ಆದರೆ 4.75ರಲ್ಲಿ ಬರುವ ಕರೆಂಟು 1.02 ಮಿಲಿಆಂಪಿಯರ್, ಎರೆಫ್ ಪಾಲು ಕಳೆದು ಚಿಪ್ಪಿಗೆ 0.94 ಉಳಿಯುತ್ತದೆ. ಸಪ್ಲೈ 5.25ಕ್ಕೆ ಏರಿದರೂ ಚಿಪ್ಪಿನಲ್ಲಿ ಬಿಸಿಯಾಗುವುದು ಬರೀ 3 ಮಿಲಿವಾಟ್, ಅದು ತನ್ನ ಬಿಸಿಗೆ ತಾನೇ ಜಾರುವ ಪ್ರಶ್ನೆಯಿಲ್ಲ. ಅದೇ ರೆಸಿಸ್ಟರಿನ ಕೆಳಗೆ ಟಿಎಲ್431 ಹಾಕಿದ್ದರೆ? ಅದಕ್ಕೆ ಕನಿಷ್ಠ 1 ಮಿಲಿಆಂಪಿಯರ್ ಬೇಕು, ಸಿಗುತ್ತಿರುವುದು 0.94. ಮೇಜಿನ ಮೇಲೆ 5 ವೋಲ್ಟಿನಲ್ಲಿ ಎಲ್ಲವೂ ಸರಿಯಿದ್ದು, ತೋಟದಲ್ಲಿ ಸಪ್ಲೈ ಕುಸಿದಾಗ ಮಾತ್ರ ಕೈಕೊಡುವ ದೋಷ ಹುಟ್ಟುವುದು ಹೀಗೆ. ಅದಕ್ಕೆ 1 ಕಿಲೋಓಮ್ ಹಾಕಬೇಕು.

ಐದನೆಯ ಹೆಜ್ಜೆ: ಪ್ರೋಗ್ರಾಂ ಮೊದಲು, ವೈರ್ ಆಮೇಲೆ

ಊನೊ ಬಳಸುವವರಿಗೆ ಮಾತ್ರ ಈ ಹೆಜ್ಜೆ, ಆದರೆ ಕ್ರಮ ತಪ್ಪಿದರೆ ಚಿಪ್ಪು ಸುಡಬಹುದು. ಎಕ್ಸ್‌ಟರ್ನಲ್ ಎಂದು ಅಳತೆಗೋಲನ್ನು ಆಯ್ಕೆ ಮಾಡುವ ಅನಲಾಗ್ ರೆಫರೆನ್ಸ್ ಆಜ್ಞೆ, ಮೊದಲ ಅನಲಾಗ್ ರೀಡ್ ಆಜ್ಞೆಗಿಂತ ಮುಂಚೆ ಬರಬೇಕು. ಹಾಗೆ ಬರದಿದ್ದರೆ ಬೋರ್ಡು ತನ್ನೊಳಗಿನಿಂದ 5 ವೋಲ್ಟನ್ನು ಎರೆಫ್ ಕಾಲಿಗೆ ಜೋಡಿಸುತ್ತದೆ, ಹೊರಗಿನಿಂದ ನಿಮ್ಮ 2.5 ವೋಲ್ಟ್ ಅದಕ್ಕೆ ಎದುರಾಗಿ ನಿಂತಿರುತ್ತದೆ. ಬೋರ್ಡಿನಲ್ಲಿ ಹಳೆಯ ಪ್ರೋಗ್ರಾಂ ಉಳಿದಿರಬಹುದಾದ್ದರಿಂದ, ಹೊಸದನ್ನು ಮೊದಲು ತುಂಬಿ, ಆಮೇಲೆ ಎರೆಫ್ ವೈರನ್ನು ಜೋಡಿಸಿ. ರಕ್ಷಣೆಗೆಂದು ಕೆಲವರು ನಡುವೆ 5 ಕಿಲೋಓಮ್ ಹಾಕುತ್ತಾರೆ. ಒಳಗಿನ 32 ಕಿಲೋಓಮ್‌ನೊಂದಿಗೆ ಅದು ಡಿವೈಡರ್ ಆಗಿ ಎಡಿಸಿಗೆ ತಲುಪುವುದು 2.5 ಅಲ್ಲ, 2.16 ವೋಲ್ಟ್. ನನ್ನ ಪೆಟ್ಟಿಗೆಗಳಲ್ಲಿ ಆ ರೆಸಿಸ್ಟರ್ ಇರುವುದಿಲ್ಲ.

ಆರನೆಯ ಹೆಜ್ಜೆ: ಬೋರ್ಡಿನ ಮೇಲೆ ಕೂರಿಸುವುದು

ಚಿಪ್ಪನ್ನು ರೆಗ್ಯುಲೇಟರ್, ಮೋಡೆಮ್, ರಿಲೇ ಮುಂತಾದ ಬಿಸಿಯಾಗುವ ಭಾಗಗಳಿಂದ ದೂರವಿಡಿ, ಎಡಿಸಿಗೆ ಹತ್ತಿರವಿಡಿ. ಗ್ರೌಂಡ್ ವೈರಿನ ವಿಷಯದಲ್ಲಿ ಜಿಪುಣತನ ಬೇಡ: ಮೋಡೆಮ್ ಎಳೆಯುವ ಒಂದೆರಡು ಆಂಪಿಯರ್ ಕರೆಂಟು ರೆಫರೆನ್ಸಿನ ಗ್ರೌಂಡ್ ದಾರಿಯಲ್ಲೇ ಮರಳಿದರೆ, ಆ ದಾರಿಯ 10 ಮಿಲಿಓಮ್ ಕೂಡ 10–20 ಮಿಲಿವೋಲ್ಟ್ ತಪ್ಪು ತರುತ್ತದೆ. ಎಷ್ಟು ಒಳ್ಳೆಯ ಚಿಪ್ಪಿದ್ದರೂ ಅದನ್ನು ಮುಚ್ಚಲಾರದು. ರೆಫರೆನ್ಸ್, ಸೆನ್ಸರ್, ಎಡಿಸಿ ಈ ಮೂರರ ಗ್ರೌಂಡ್ ಒಂದು ಬಿಂದುವಿನಲ್ಲಿ ಕೂಡಲಿ. ಮೋಡೆಮಿನ ಗ್ರೌಂಡ್ ಬೇರೆ ದಪ್ಪ ವೈರಿನಲ್ಲಿ ನೇರವಾಗಿ ಸಪ್ಲೈಗೆ ಹೋಗಲಿ.

ಬೋರ್ಡು ಬಾಗಿದರೆ ಅದರ ಮೇಲಿನ ಚಿಪ್ಪಿನ ವೋಲ್ಟೇಜೂ ಅಲುಗುತ್ತದೆ. ನಾಲ್ಕು ಮೂಲೆಯ ಸ್ಕ್ರೂಗಳನ್ನು ಬಿಗಿದು ಬೋರ್ಡನ್ನು ಡೊಂಕು ಮಾಡಬೇಡಿ, ಚಿಪ್ಪನ್ನು ಬೋರ್ಡಿನ ನಟ್ಟನಡುವೆ ಇಡಬೇಡಿ. ಸೋಲ್ಡರ್ ಮಾಡುವಾಗ ಕಾಲಿಗೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಬಿಸಿ ತಾಗದಿರಲಿ.

ಸೋಲ್ಡರಿಂಗ್ ಮುಗಿದ ಮೇಲೆ ಉಳಿಯುವ ಫ್ಲಕ್ಸ್ ಕಲೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ. ವಿಜಯಪುರದ ಒಣಹವೆಯಲ್ಲಿ ಇದನ್ನು ಬಿಟ್ಟರೂ ನಡೆದೀತು, ಬೆಳಗಾವಿಯ ಮಳೆಗಾಲದಲ್ಲಿ ನಡೆಯುವುದಿಲ್ಲ. ಜುಲೈ ತಿಂಗಳ ಥಂಡಿಯನ್ನು ಹೀರಿಕೊಂಡ ಫ್ಲಕ್ಸ್ ರೆಸಿಸ್ಟರಿನ ಎರಡು ತುದಿಗಳ ನಡುವೆ ಕಾಣದ ಸೇತುವೆ ಕಟ್ಟುತ್ತದೆ. ನಮ್ಮ ಡಿವೈಡರಿನ 56 ಕಿಲೋಓಮ್‌ಗೆ ಅಡ್ಡಲಾಗಿ 10 ಮೆಗಾಓಮ್‌ನ ಸೋರಿಕೆಯಾದರೆ ಅದರ ಬೆಲೆ ಶೇಕಡಾ 0.56 ಇಳಿದುಹೋಗುತ್ತದೆ.

ಏಳನೆಯ ಹೆಜ್ಜೆ: ಪರೀಕ್ಷೆ

ಇಲ್ಲಿ ಒಂದು ಮುಜುಗರದ ಸತ್ಯವಿದೆ. ಅಂಗಡಿಯ ಮೂರೂವರೆ ಅಂಕಿಯ ಮಲ್ಟಿಮೀಟರಿನ ನಿಖರತೆ ಸಾಮಾನ್ಯವಾಗಿ ಶೇಕಡಾ 0.5, ಅದರ ಮೇಲೆ ಕೊನೆಯ ಅಂಕಿಯ ಒಂದೆರಡು ಎಣಿಕೆ. 2.5 ವೋಲ್ಟಿನಲ್ಲಿ ಅದು 12.5 ಮಿಲಿವೋಲ್ಟ್, ಎ ದರ್ಜೆಯ ಎಲ್‌ಎಂ4040ರ ತಪ್ಪು 2.5 ಮಿಲಿವೋಲ್ಟ್ ಮಾತ್ರ. ಮೀಟರು 2.51 ತೋರಿಸಿದರೆ ತಪ್ಪು ಮೀಟರಿನದು. ಆ ಮೀಟರಿನಿಂದ ಈ ಚಿಪ್ಪನ್ನು ಪರೀಕ್ಷಿಸುವುದಲ್ಲ, ಈ ಚಿಪ್ಪಿನಿಂದ ಆ ಮೀಟರನ್ನು ಪರೀಕ್ಷಿಸಬೇಕು. ಆನ್‌ಲೈನಿನಲ್ಲಿ ಎಡಿ584 ಹಾಕಿದ, 2.5, 5, 7.5, 10 ವೋಲ್ಟ್ ಕೊಡುವ ಸಣ್ಣ ಬೋರ್ಡುಗಳು ಸಿಗುತ್ತವೆ, ಕೆಲವಕ್ಕೆ ಕೈಬರಹದ ಅಂಕಿಗಳ ಚೀಟಿಯೂ ಅಂಟಿರುತ್ತದೆ. ಚಿಪ್ಪು ಚೆನ್ನಾಗಿದೆ. ಚೀಟಿಯನ್ನು ಮಾತ್ರ ನಾನು ನಂಬುವುದಿಲ್ಲ. ಯಾವ ಮೀಟರಿನಿಂದ, ಎಷ್ಟು ಡಿಗ್ರಿಯಲ್ಲಿ ಅಳೆದರು ಎಂಬುದು ಅದರಲ್ಲಿ ಇರುವುದಿಲ್ಲ.

ಸಾದಾ ಮೀಟರಿನಿಂದಲೂ ಸೂಕ್ಷ್ಮವನ್ನು ಹಿಡಿಯುವ ಹಳೆಯ ಉಪಾಯವೊಂದಿದೆ. ಒಂದೇ ಬಗೆಯ ಎರಡು ರೆಫರೆನ್ಸ್‌ಗಳನ್ನು ಕಟ್ಟಿ, ಅವುಗಳ ಗ್ರೌಂಡ್ ಒಂದುಗೂಡಿಸಿ, ಮೀಟರಿನ ಎರಡು ಕಡ್ಡಿಗಳನ್ನು ಎರಡರ ಹೊರಕಾಲುಗಳ ನಡುವೆ ಹಿಡಿಯಿರಿ. ಈಗ ಮೀಟರು ಅಳೆಯುತ್ತಿರುವುದು 2.5 ವೋಲ್ಟನ್ನಲ್ಲ, ಎರಡರ ವ್ಯತ್ಯಾಸವನ್ನು. ಎ ದರ್ಜೆಯ ಚಿಪ್ಪುಗಳಲ್ಲಿ ಅದು ಹೆಚ್ಚೆಂದರೆ 5 ಮಿಲಿವೋಲ್ಟ್. 200 ಮಿಲಿವೋಲ್ಟಿನ ರೇಂಜಿನಲ್ಲಿ 0.1 ಮಿಲಿವೋಲ್ಟ್ ಕೂಡ ಕಾಣುತ್ತದೆ. ಕಳೆದ ಬೇಸಿಗೆಯಲ್ಲಿ ಹೀಗೆ ಹಚ್ಚಿಟ್ಟಾಗ ಮೀಟರು 1.4ರಲ್ಲಿ ಅಲುಗಾಡದೆ ನಿಂತಿತ್ತು. ಎಡಗಡೆಯ ಚಿಪ್ಪಿನ ತಲೆಯ ಮೇಲೆ ತೋರುಬೆರಳು ಇಟ್ಟೆ. ಹತ್ತು ಸೆಕೆಂಡಿನಲ್ಲಿ 1.5, ಆಮೇಲೆ 1.6, ಬೆರಳು ತೆಗೆದು ಫ್ಯಾನಿನ ಗಾಳಿಗೆ ಬಿಟ್ಟರೆ ನಿಧಾನಕ್ಕೆ ಮತ್ತೆ 1.4. ಪಿಪಿಎಂ ಎಂಬ ಮಾತು ಎಷ್ಟು ಪುಟ ಓದಿದರೂ ತಲೆಗೆ ಹೋಗದವರಿಗೆ ಈ ಬೆರಳಿನ ಪಾಠ ಒಂದೇ ನಿಮಿಷದಲ್ಲಿ ಹೋಗುತ್ತದೆ.

ಇದನ್ನೇ ಮುಂದುವರಿಸಿ ಬಿಸಿಯ ಪರೀಕ್ಷೆಯನ್ನೂ ಮಾಡಬಹುದು. ಎರಡು ಚಿಪ್ಪುಗಳಲ್ಲಿ ಒಂದನ್ನು ಕೋಣೆಯಲ್ಲೇ ಬಿಟ್ಟು, ಇನ್ನೊಂದನ್ನು ಉದ್ದ ವೈರಿನೊಂದಿಗೆ ಬಿಗಿಯಾಗಿ ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ ಫ್ರಿಜ್ಜಿನಲ್ಲಿಟ್ಟು ಅರ್ಧ ಗಂಟೆ ಬಿಡಿ. ಆಮೇಲೆ ಅದೇ ಚೀಲವನ್ನು ಮಧ್ಯಾಹ್ನದ ಪತ್ರಾಸಿನ ಮೇಲೆ ಇಡಿ. ಎರಡೂ ಕಡೆ ಚೀಲದೊಳಗೆ ಥರ್ಮಾಮೀಟರ್ ಇರಲಿ. ವ್ಯತ್ಯಾಸ ಎಷ್ಟು ಮಿಲಿವೋಲ್ಟ್ ಬದಲಾಯಿತೋ ಅದನ್ನು ಡಿಗ್ರಿಗಳ ಅಂತರದಿಂದ ಭಾಗಿಸಿದರೆ ನಿಮ್ಮ ಕೈಯಲ್ಲಿರುವ ಚಿಪ್ಪಿನ ನಡತೆ ಸಿಗುತ್ತದೆ. ಫ್ರಿಜ್ಜಿನಿಂದ ತೆಗೆದ ಕೂಡಲೇ ಚೀಲ ಬಿಚ್ಚಬೇಡಿ, ಚಿಪ್ಪಿನ ಮೇಲೆ ನೀರು ಕಟ್ಟಿಕೊಳ್ಳುತ್ತದೆ.

ವ್ಯತ್ಯಾಸ ತಿಳಿದರೂ ಎರಡರಲ್ಲಿ ಯಾವುದು ಸತ್ಯಕ್ಕೆ ಹತ್ತಿರ ಎಂಬುದು ಇನ್ನೂ ತಿಳಿಯುವುದಿಲ್ಲ. ಅದಕ್ಕೆ ಒಮ್ಮೆಯಾದರೂ ಒಳ್ಳೆಯ ಮೀಟರಿನ ಎದುರು ನಿಲ್ಲಬೇಕು. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯಿರುವ ಕ್ಯಾಲಿಬ್ರೇಶನ್ (ಅಳೆಯುವ ಸಾಧನಗಳನ್ನು ತಾಳೆ ನೋಡುವ) ಪ್ರಯೋಗಾಲಯದ ಮೀಟರಿನ ಹಿಂದೆ ಹೋಲಿಕೆಯ ಒಂದು ಸರಪಳಿ ಇರುತ್ತದೆ, ಅದು ನವದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ವೋಲ್ಟಿನವರೆಗೆ ಹೋಗಿ ಮುಟ್ಟುತ್ತದೆ. ಪರಿಚಯದ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಆರೂವರೆ ಅಂಕಿಯ ಮೀಟರ್ ಇದ್ದರೆ, ಅದರ ಕ್ಯಾಲಿಬ್ರೇಶನ್ ತಾರೀಖು ಮೀರಿಲ್ಲದಿದ್ದರೆ, ಹವ್ಯಾಸಿಗೆ ಅದೇ ಸಾಕು.

ಆದರೆ ಸೋಲ್ಡರ್ ಮಾಡಿದ ಮರುದಿನವೇ ಅಳೆಯಲು ಓಡಬೇಡಿ. ಹೊಸ ಚಿಪ್ಪು ಹೆಚ್ಚು ಜಾರುವುದು ಮೊದಲ 1000 ಗಂಟೆಗಳಲ್ಲಿ, ಸೋಲ್ಡರಿನ ಬಿಸಿಯಿಂದ ಆದ ಸೆಳೆತವೂ ಆ ಹೊತ್ತಿನಲ್ಲೇ ಸಡಿಲವಾಗುತ್ತದೆ. 1000 ಗಂಟೆ ಎಂದರೆ ಸುಮಾರು 42 ದಿನ. ಅಷ್ಟು ದಿನ ಪೆಟ್ಟಿಗೆಯನ್ನು ಚಾಲೂ ಇಟ್ಟು, ಆಮೇಲೆ ಅಳೆದು, ಬಂದ ಅಂಕಿಯನ್ನು ಪ್ರೋಗ್ರಾಮಿನಲ್ಲಿ 2.5ರ ಜಾಗಕ್ಕೆ ಬರೆಯಿರಿ. ಅದೇ ಅಂಕಿ, ಅಳೆದ ತಾರೀಖು, ಆ ಹೊತ್ತಿನ ಉಷ್ಣಾಂಶ, ಯಾವ ಮೀಟರ್ ಎಂಬುದು, ಈ ನಾಲ್ಕನ್ನು ಚೀಟಿಯಲ್ಲಿ ಬರೆದು ಮುಚ್ಚಳದ ಒಳಬದಿಗೆ ಅಂಟಿಸಿ. ತಿಕೋಟಾದ ಪೆಟ್ಟಿಗೆಯ ಮುಚ್ಚಳದಲ್ಲಿ ಈಗ ಎರಡು ಸಾಲುಗಳಿವೆ: ಜನವರಿಯಲ್ಲಿ 22 ಡಿಗ್ರಿಯಲ್ಲಿ 2.4991, ಮೇ ತಿಂಗಳಲ್ಲಿ 43 ಡಿಗ್ರಿಯಲ್ಲಿ 2.5003. ಮೂರನೆಯ ಸಾಲನ್ನು ಮುಂದಿನ ಹಂಗಾಮಿಗೆ ಗ್ರೇಡಿಂಗ್ ಶುರುವಾಗುವ ಮೊದಲು ಬರೆಯಬೇಕು.